ಬೆಂಕಿ ಕಂಡ ಬೆಳ್ಳಿ

ಸಾಂವಕ್ಕನಿಗೆ ಸಂಬಳ ಬರುತ್ತಿದ್ದುದು ಅವಳ ಎರಡು ಕಿವಿಗೆ. ಕೈಗಲ್ಲ, ಕಾಲಿಗಲ್ಲ, ನಾಲ್ಕನೆಯ ಇಯತ್ತೆಗೇ ನಿಂತುಹೋದ ಓದಿಗಂತೂ ಅಲ್ಲವೇ ಅಲ್ಲ.

ಕೊಳವೆಬಾವಿಗಳೆಲ್ಲ ಕೈಕೊಟ್ಟ ಮೇಲೆ ಗದಗ ಸೀಮೆಯ ಹಳೆಯ ಮೆಟ್ಟಿಲುಬಾವಿಗಳನ್ನು ಮತ್ತೆ ತೆರೆಯುತ್ತಿದ್ದ ಕಾಲ ಅದು. ನೂರಾರು ವರ್ಷದ ಹೂಳು ಲಾರಿಗಟ್ಟಲೆ ಬಂದು ಬೆಟಗೇರಿಯ ಹೊರಗಿನ ಹತ್ತಿ ಗೋದಾಮಿನಲ್ಲಿ ಬೀಳುತ್ತಿತ್ತು. ಗೋದಾಮಿಗೆ ಈಗ ಹೂಳು ಶೋಧ ಕೇಂದ್ರವೆಂದು ಹೆಸರು. ಗಂಗೆಪೂಜೆಗೆ ಬಂದವರು, ಮಗು ಹುಟ್ಟಿತೆಂದು ಬಂದವರು, ಹರಕೆ ಹೊತ್ತವರು, ಅಜ್ಜ ಮುತ್ತಜ್ಜನ ಕಾಲದಿಂದ ನೀರಿಗೆ ಬಿಟ್ಟ ನಾಣ್ಯಗಳೆಲ್ಲ ಆ ಕಪ್ಪು ಕೆಸರಿನಲ್ಲಿದ್ದವು. ನಾಣ್ಯದ ಚಲಾವಣೆ ನಿಂತು ಹನ್ನೆರಡು ವರ್ಷವಾಗಿತ್ತು. ಮಕ್ಕಳು ನಾಣ್ಯ ಕಂಡರೆ ಇದು ಯಾವ ಅಂಗಿಯ ಗುಂಡಿ ಎಂದು ಕೇಳುತ್ತಿದ್ದರು. ಆದರೆ ಬೆಳ್ಳಿ ಮಾತ್ರ ಬೇಕಾಗಿತ್ತು. ಕುಡಿಯುವ ನೀರು ಸೋಸುವ ಹೊಸ ಜರಡಿಗಳಿಗೆ ಬೆಳ್ಳಿಯ ಲೇಪ ಕೊಟ್ಟರೆ ರೋಗದ ಕ್ರಿಮಿ ಅಲ್ಲಿಯೇ ಸಾಯುತ್ತಿತ್ತು. ಹಾಗಾಗಿ ಉಕ್ಕಿನ, ತಾಮ್ರದ, ನಿಕ್ಕಲಿನ ಸಾಧಾರಣ ನಾಣ್ಯಗಳ ನಡುವಿನಿಂದ ಬೆಳ್ಳಿಯದನ್ನು ಹೆಕ್ಕುವ ಕೆಲಸ ಅಲ್ಲಿ ನಡೆದಿತ್ತು.

ಹೆಕ್ಕುತ್ತಿದ್ದುದು ಲೋಹಶೋಧಕ ಯಂತ್ರ. ಕೆಸರು ರಬ್ಬರಿನ ಪಟ್ಟಿಯ ಮೇಲೆ ಹರಿದು ಬರುವಾಗ ಯಂತ್ರದ ತಂತಿಯ ಬಳೆ ಒಂದು ಅಲೆಯನ್ನು ಬಿಡುತ್ತದೆ. ಅಲೆ ತಾಗಿದ ಲೋಹದೊಳಗೆ ವಿದ್ಯುತ್ತು ಗಿರಗಿರನೆ ಸುಳಿಯಾಗಿ ತಿರುಗಿ, ಮರುಗಳಿಗೆಯಲ್ಲಿ ಸಾಯುತ್ತದೆ. ಉಕ್ಕಿನಲ್ಲಿ ತಟ್ಟನೆ ಸಾಯುತ್ತದೆ, ಬೆಳ್ಳಿಯಲ್ಲಿ ನಿಧಾನಕ್ಕೆ. ಆ ಸಾಯುವ ಹೊತ್ತನ್ನು ಯಂತ್ರ ಅಂಕಿಯಾಗಿಯೂ ದನಿಯಾಗಿಯೂ ಹೇಳುತ್ತದೆ. ಅಂಕಿಯೇ ಸಾಕಾಗಿದ್ದರೆ ಸಾಂವಕ್ಕನ ಅಗತ್ಯವಿರಲಿಲ್ಲ. ಆದರೆ ದಪ್ಪನೆಯ ತಾಮ್ರದ ಕಾಲಾಣೆಗೂ ಸವೆದ ಬೆಳ್ಳಿ ರೂಪಾಯಿಗೂ ಅಂಕಿ ಒಂದೇ ಬರುತ್ತಿತ್ತು. ದನಿ ಮಾತ್ರ ಬೇರೆ.

ಸಾಂವಕ್ಕ ಕಂಚುಗಾರರ ಮನೆಯವಳು. ಗಂಡ ಮಾನಪ್ಪ ಮೂವತ್ತು ವರ್ಷ ಕಂಚಿನ ತಟ್ಟೆ ಬಡಿದ, ಇವಳು ಮೂವತ್ತು ವರ್ಷ ಆ ತಟ್ಟೆಗಳನ್ನು ಬೆರಳಿನಿಂದ ಮೀಟಿ, ಎಲ್ಲಿ ಕೂದಲೆಳೆಯ ಬಿರುಕಿದೆ ಎಂದು ಕೇಳಿ ಹೇಳಿದಳು. ಬಡಿದು ಬಡಿದು ಅವನ ಕಿವಿ ಹೋಯಿತು, ಮೀಟಿ ಮೀಟಿ ಇವಳದು ಚುರುಕಾಯಿತು. ಕೇಂದ್ರದ ಎಂಜಿನಿಯರು ಡಾಕ್ಟರ್ ಶಾಲ್ಮಲಾ ಇಟಗಿ ಪರೀಕ್ಷೆಗೆಂದು ಕೊಟ್ಟ ಇನ್ನೂರು ನಾಣ್ಯಗಳಲ್ಲಿ ಒಂದನ್ನೂ ಅವಳು ತಪ್ಪು ಹೇಳಲಿಲ್ಲ. ಕಣ್ಣು ಕಿವಿಯನ್ನು ಕೆಡಿಸಬಾರದೆಂದು ಪಟ್ಟಿಗೆ ಬೆನ್ನುಮಾಡಿ, ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂಡುತ್ತಿದ್ದಳು. "ಸಾಧಾರಣ. ಸಾಧಾರಣ. ಸಾಧಾರಣ. ಬೆಳ್ಳಿ." ದಿನವೆಲ್ಲ ಅದೇ ಮಾತು.

ಯಂತ್ರಕ್ಕೆ ಹೊಸ ತಂತಿಯ ಸುರುಳಿ ಕೂಡಿಸಿದ ವಾರ ಅವಳು ಹೆಡ್‌ಫೋನು ತೆಗೆದು ಶಾಲ್ಮಲಾಳ ಕಡೆಗೆ ತಿರುಗಿ ಕೂತಳು.

"ಬಾಯಾರ, ಇದು ಬೆಳ್ಳಿ ಹೌದು. ಆದರ ಬ್ಯಾರೆ ಬೆಳ್ಳಿ."

"ಬ್ಯಾರೆ ಅಂದ್ರ?"

"ಉಳಿದ ಬೆಳ್ಳಿ ಕೂಗಿ ನಿಲ್ಲತೈತಿ. ಇದು ನಿಲ್ಲವಲ್ದು. ಎಣ್ಣಿ ಸುರದಂಗ ಜಾರಕೋತ ಹೊಂಟೈತಿ."

ಶಾಲ್ಮಲಾ ಆ ನಾಣ್ಯವನ್ನೂ, ಅದೇ ಇಸವಿಯ ಇನ್ನೊಂದನ್ನೂ ತೂಗಿದಳು. ತೂಕ ಒಂದೇ, ಬೆಳ್ಳಿಯ ಅಂಶವೂ ಒಂದೇ. ಎರಡು ದಿನ ತಲೆ ಕೆರೆದುಕೊಂಡು ಮೂರನೆಯ ದಿನ ಆ ಎರಡನೆಯ ನಾಣ್ಯವನ್ನು ಗ್ಯಾಸಿನ ಉರಿಯ ಮೇಲೆ ಕೆಂಪಗೆ ಕಾಯಿಸಿ, ಆರಿಸಿ, ಮತ್ತೆ ಯಂತ್ರದ ಕೆಳಗಿಟ್ಟಳು. ಸಾಂವಕ್ಕ ಕೇಳಿದಳು. ಕೇಳುತ್ತಿದ್ದ ಹಾಗೆ ಅವಳ ಮುಂಗೈಯ ಕೂದಲು ನೆಟ್ಟಗಾದವು. ನಿನ್ನೆ ಕೂಗಿ ನಿಂತಿದ್ದ ನಾಣ್ಯ ಇವತ್ತು ಎಣ್ಣೆಯ ಹಾಗೆ ಜಾರುತ್ತಿತ್ತು.

"ಟಂಕಸಾಲೆಯಾಗ ಅಚ್ಚು ಒತ್ತಿದಾಗ ಬೆಳ್ಳಿಯ ಕಣ ಎಲ್ಲಾ ಜಜ್ಜಿ ಹೋಗಿರ್ತಾವ," ಶಾಲ್ಮಲಾ ಹೇಳಿದಳು. "ವಿದ್ಯುತ್ತು ಅದರೊಳಗ ಎಡವಕೋತ ಹೋಗತೈತಿ. ಒಮ್ಮೆ ಬೆಂಕಿ ಕಂಡ್ರ ಕಣ ಮತ್ತ ಹೊಂದಿಕೊಂಡು ಕುಂದರ್ತಾವ. ದಾರಿ ನುಣ್ಣಗಾಗತೈತಿ. ಸಾಂವಕ್ಕಾ, ನೂರು ವರ್ಷದ ಹಿಂದ ಬೆಂಕಿಗೆ ಬಿದ್ದಿದ್ದನ್ನ ಈ ನಾಣ್ಯ ಇವತ್ತಿಗೂ ನೆನಪಿಟ್ಟೈತಿ. ನೀ ಅದನ್ನ ಕೇಳಿದಿ!"

ಅಂದಿನಿಂದ ಯಂತ್ರದ ಪರದೆಯ ಮೇಲೆ ಮೂರು ಅಂಕಿಗಳು ಬರತೊಡಗಿದವು. ಕಬ್ಬಿಣದ ಜಾತಿಯೋ ಅಲ್ಲವೋ ಎನ್ನುವುದು ಒಂದನೆಯದು. ಬೆಳ್ಳಿಯೋ ಸಾಧಾರಣವೋ ಎನ್ನುವುದು ಎರಡನೆಯದು. ಮೂರನೆಯದು, ಬೆಂಕಿ ಕಂಡದ್ದೋ ಇಲ್ಲವೋ. ಎಪ್ಪತ್ತು ದಾಟಿದರೆ ಕಂಡದ್ದು.

ಇಷ್ಟು ದೊಡ್ಡ ಸಂಗತಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಯಾರಿಗಾದರೂ ಕಷ್ಟ. ಸಾಂವಕ್ಕ ಆ ಸಂಜೆ ಹಿಟ್ಟಿನ ಗಿರಣಿಗೆ ಜೋಳ ಹೊತ್ತು ಹೋದಳು. ಸರದಿಗೆ ಕೂತ ಹೆಂಗಸರು ಎಂದಿನಂತೆ, "ಬಂದ್ಲು ನೋಡ್ರಿ ಕಿವಿ ಸಾಹೇಬ್ರು, ಇವತ್ತ ಏನ್ ಕೇಳಿದ್ರಿ?" ಎಂದು ಕೆಣಕಿದರು.

"ಇಷ್ಟ ದಿನ ಬೆಳ್ಳಿ ಯಾವುದು, ಸಾದಾ ಯಾವುದು ಅಂತ ಹೇಳತಿದ್ವಿ. ಇನ್ನ ಮ್ಯಾಲೆ ಬೆಂಕಿ ಕಂಡ ಬೆಳ್ಳಿ ಯಾವುದು ಅಂತಾನೂ ಹೇಳತೀವಿ."

"ಬೆಳ್ಳಿ ರೂಪಾಯಿಗೆ ಯಾರವ್ವ ಬೆಂಕಿ ಹಚ್ಚತಾರ? ಅದೇನು ಬದನಿಕಾಯಿಯಾ, ಸುಟ್ಟು ತಿನ್ನಾಕ?"

ಎಲ್ಲರೂ ನಕ್ಕರು. ನಗು ತನ್ನ ಮೇಲೆ ಬಿತ್ತಲ್ಲ ಅಂತ ಸಾಂವಕ್ಕನಿಗೆ ಮುಳ್ಳಾಡಿದಂತಾಯಿತು. ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದನ್ನು ಆಡಿಬಿಟ್ಟಳು. "ಯಾಕ? ಸತ್ತವರ ಬಾಯಾಗ ಇಟ್ಟು ಚಿತಿಗೆ ಏರಸ್ತಾರಲ್ಲ, ಅದು ಬೆಳ್ಳಿ ರೂಪಾಯಿ ಅಲ್ಲೇನು? ಸುಡುಗಾಡಿನ ಬೂದ್ಯಾಗಿಂದ ಅದು ಎಲ್ಲೆಲ್ಲಿ ಹೋಗತೈತೋ, ಯಾರ್ಯಾರ ಕೊಳ್ಳಾಗ ಬೀಳತೈತೋ, ಯಾರಿಗ್ಗೊತ್ತು?"

ನಗು ನಿಂತಿತು. ಗಿರಣಿಯ ಬೆಲ್ಟು ಒಂದೇ ಪಟಪಟ ಅನ್ನುತ್ತಿತ್ತು. ಹೆಂಗಸರ ಕೈಗಳು ತಮಗೆ ತಿಳಿಯದೆಯೇ ತಂತಮ್ಮ ಕೊರಳಿಗೆ ಹೋದವು. ಅಲ್ಲಿ ತಾಳಿಯ ಪಕ್ಕಕ್ಕೆ, ಅವ್ವನೋ ಅತ್ತೆಯೋ ಕೊಟ್ಟ ಬೆಳ್ಳಿ ರೂಪಾಯಿ ಜೋತುಬಿದ್ದಿತ್ತು.

ಕೇಂದ್ರದಲ್ಲಿ ಶನಿವಾರ ಬೆಳಗ್ಗೆ ಊರವರಿಗೆ ಬಾಗಿಲು ತೆರೆಯುವ ವಾಡಿಕೆ ಮೊದಲಿನಿಂದ ಇತ್ತು. ಮನೆಯಲ್ಲಿರುವ ನಾಣ್ಯ ಬೆಳ್ಳಿಯೋ ಸಾದಾವೋ ಎಂದು ತಿಳಿಯಲು ವಾರಕ್ಕೆ ನಾಲ್ಕು ಜನ ಬಂದರೆ ಹೆಚ್ಚು. ಆ ಶನಿವಾರ ಸರದಿ ಗೋದಾಮಿನ ಗೇಟು ದಾಟಿ, ರೈಲು ಹಳಿಯ ತನಕ ಹೋಗಿತ್ತು. ಬೆಳ್ಳಿಯೇ ಎಂದು ಒಬ್ಬರೂ ಕೇಳಲಿಲ್ಲ. "ಮೂರನೇದು ಹೇಳ್ರಿ, ಮೂರನೇದು" ಅಂದರು.

ಸಾಂವಕ್ಕ ಬೆನ್ನುಮಾಡಿ ಕೂತು ಕೇಳಿದಳು, ಹೇಳಿದಳು. ಕಂಡಿಲ್ಲ. ಕಂಡೈತಿ. ಕಂಡೈತಿ. ಕಂಡೈತಿ. ಹತ್ತಕ್ಕೆ ಏಳು ಕಂಡೇ ಇದ್ದವು. ಬೆನ್ನ ಹಿಂದೆ ಒಬ್ಬಳು ಹೋ ಎಂದು ಅತ್ತಳು. ಇನ್ನೊಬ್ಬಳು ಕೂಸಿನ ಉಡಿದಾರದ ನಾಣ್ಯವನ್ನು ಅಲ್ಲಿಯೇ ಹರಿದೆಸೆದಳು. ಒಬ್ಬ ಅಜ್ಜಿ ತನ್ನ ನಾಣ್ಯವನ್ನು ಗೋಮೂತ್ರದಲ್ಲಿ ತೊಳೆದುಕೊಂಡು ಬಂದಳು, ಅಂಕಿ ಇಳಿಯಲಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿಕೊಂಡು ಬಂದಳು, ಇಳಿಯಲಿಲ್ಲ. ನಾಲ್ಕನೆಯ ಸಲ ಬಂದು, "ಅಲ್ಲವ್ವ, ನೀರಾಗ ಒಂದ್ ತಾಸು ನೆನಿಹಾಕಿದ್ದೆ, ಈಗರ ಸ್ವಲ್ಪ ತಣ್ಣಗಾಗೇತೇನು?" ಎಂದು ಕೇಳಿದಳು.

ವಾರ ಕಳೆಯುವುದರೊಳಗೆ ಎರಡು ಮದುವೆ ನಿಂತವು. ಬೆಳ್ಳಿ ಬಂಗಾರ ಮಾರುವ ಸರಾಫ ಓಣಿಯ ಅಂಗಡಿಗಳ ಬಾಗಿಲ ಮೇಲೆ ಯಾರೋ ಸುಡುಗಾಡಿನ ಬೂದಿ ಎರಚಿ ಹೋದರು. ಮನೆಯಲ್ಲಿ ಯಾರಿಗೆ ಯಾವಾಗ ಏನು ಕೆಟ್ಟದ್ದಾಗಿತ್ತೋ ಅದೆಲ್ಲಕ್ಕೂ ಈಗ ಕಾರಣ ಸಿಕ್ಕಿತ್ತು, ಮತ್ತು ಆ ಕಾರಣಕ್ಕೆ ಅಂಕಿಯೂ ಇತ್ತು.

ಎರಡನೆಯ ಶನಿವಾರ ಸರದಿಯಲ್ಲಿ ಫಕ್ಕೀರವ್ವ ಬಂದಳು. ಸಾಂವಕ್ಕನ ಓಣಿಯವಳೇ, ಗೋಡೆಗೆ ಗೋಡೆ ಹತ್ತಿದ ಮನೆ. ಅವಳ ಮಗ ವಿಠ್ಠಲನಿಗೆ ನಾಲ್ಕು ತಿಂಗಳ ಹಿಂದೆ ಗಂಗಾವತಿ ಕಡೆಯ ಹುಡುಗಿ ಸುಂಕಮ್ಮನನ್ನು ತಂದುಕೊಂಡಿದ್ದರು. ಮದುವೆಯಾಗಿ ಮೂರು ತಿಂಗಳಿಗೆ ಫಕ್ಕೀರವ್ವನ ಗಂಡ ಮಾರುತೆಪ್ಪ ಮಗ್ಗದ ಮುಂದೆ ಕೂತವನು ಹಾಗೆಯೇ ಒರಗಿ ಜೀವ ಬಿಟ್ಟಿದ್ದ. ಸೊಸೆ ಬರುವಾಗ ಅವಳ ತವರಿನವರು ಉಡಿ ತುಂಬಿ, ಅಕ್ಕಿ ಕೊಬ್ಬರಿಯ ಜೊತೆಗೆ ಒಂದು ಬೆಳ್ಳಿ ರೂಪಾಯಿ ಇಟ್ಟು ಕಳಿಸಿದ್ದರು. ಫಕ್ಕೀರವ್ವ ಅದನ್ನು ತಂದಿದ್ದಳು.

ನಾಣ್ಯ ಯಂತ್ರದ ಕೆಳಗೆ ಹೋಯಿತು. ಸಾಂವಕ್ಕನ ಕಿವಿಯಲ್ಲಿ ದನಿ ಜಾರಿತು, ಜಾರುತ್ತಲೇ ಹೋಯಿತು. ಅಂಕಿ ತೊಂಬತ್ತಮೂರು. ಅಲ್ಲಿಯವರೆಗೆ ಅಷ್ಟು ಯಾವುದಕ್ಕೂ ಬಂದಿರಲಿಲ್ಲ.

"ಕಂಡೈತಿ," ಅಂದಳು ಸಾಂವಕ್ಕ, ಯಾರದೆಂದು ತಿಳಿಯದೆ.

"ಸಾಂವಕ್ಕಾ," ಹಿಂದಿನಿಂದ ದನಿ ಬಂತು. "ಇನ್ನೊಮ್ಮೆ ಹೇಳು."

ಸಾಂವಕ್ಕ ತಿರುಗಿದಳು. ಹಣೆಯಲ್ಲಿ ಕುಂಕುಮವಿಲ್ಲದ ಆ ಮುಖವನ್ನು ನೋಡಲು ಇನ್ನೂ ರೂಢಿಯಾಗಿರಲಿಲ್ಲ. ಫಕ್ಕೀರವ್ವ ನಾಣ್ಯವನ್ನು ಸೆರಗಿನಿಂದ ಮುಟ್ಟಿ, ಗಂಟು ಹಾಕಿಕೊಂಡು ಹೋದಳು. ಮಧ್ಯಾಹ್ನದ ಬಸ್ಸಿಗೆ ಸುಂಕಮ್ಮನನ್ನು ಒಂದು ಟ್ರಂಕಿನ ಜೊತೆ ತವರಿಗೆ ಕಳಿಸಿದರು. ಬರುವ ಬುಧವಾರ ಓಣಿಯ ಹಿರಿಯರು ಗರಡಿಮನೆಯಲ್ಲಿ ಕೂಡಿ ಗಂಡ ಹೆಂಡಿರನ್ನು ಬಿಡಿಸುವ ಸೋಡಚೀಟಿ ಬರೆಸುವುದೆಂದು ಗೊತ್ತಾಯಿತು. ಸಾವನ್ನು ಉಡಿಯಲ್ಲಿ ಕಟ್ಟಿಕೊಂಡು ಬಂದವಳ ಜೊತೆ ಯಾರು ಬಾಳುವೆ ಮಾಡುತ್ತಾರೆ?

ಮನೆಗೆ ಬಂದ ಸಾಂವಕ್ಕ ರೊಟ್ಟಿ ತಟ್ಟಲು ಕೂತವಳು ತಟ್ಟದೆ ಕೂತೇ ಇದ್ದಳು. ಹಂಚು ಕಾದು ಹೊಗೆಯಾಯಿತು.

"ಏನಾಗೇತಿ ನಿನಗ?" ಮಾನಪ್ಪ ಕೂಗಿ ಕೇಳಿದ. ಕಿವಿ ಕೇಳದವರು ಊರಿಗೆ ಕೇಳುವ ಹಾಗೆ ಮಾತಾಡುತ್ತಾರೆ.

"ಒಂದು ಹುಡುಗಿ ಬಾಳುವಿ ಮುರದೆ," ಅವಳೂ ಕೂಗಿದಳು. "ಗಿರಣಿಯಾಗ ನಾ ಆಡಿದ ಒಂದ್ ಮಾತು."

"ಏನ್ ಮಾತು?"

ಅವಳು ಎಲ್ಲವನ್ನೂ ಕೂಗಿ ಕೂಗಿ ಹೇಳಿದಳು. ಬೆಂಕಿ ಕಂಡ ಬೆಳ್ಳಿ, ಮೂರನೆಯ ಅಂಕಿ, ಸುಡುಗಾಡು. ಮಾನಪ್ಪ ಹಣೆ ಗಂಟಿಕ್ಕಿಕೊಂಡು ಕೇಳಿದ. ಆಮೇಲೆ ಅವಳ ಕೊರಳ ಕಡೆಗೆ ಬೆರಳು ಮಾಡಿದ.

"ನಿಂದು ಕೇಳಿಯೇನು?"

"ನಂದ್ಯಾಕ ಕೇಳಲಿ? ಅದು ನಮ್ಮ ಅತ್ತಿ ಪೆಟಗಿಯಾಗಿದ್ದ ಹೊಸಾ ರೂಪಾಯಿ. ನೀನ ಕೊಟ್ಟದ್ದು."

"ಕೇಳಿ ನೋಡ, ಮತ್ತ! ಊರಮಂದಿದು ಕೇಳತಿ, ನಿಂದ್ ಕೇಳಾಕ ಏನ್ ಧಾಡಿ?"

ಅವಳಿಗೆ ಸಿಟ್ಟು ಬಂತು. ಸೋಮವಾರ ಬೆಳಗ್ಗೆ ಕೇಂದ್ರಕ್ಕೆ ಹೋದವಳೇ ಕೊರಳಿನ ನಾಣ್ಯ ಬಿಚ್ಚಿ ಶಾಲ್ಮಲಾಳ ಕೈಗೆ ಕೊಟ್ಟು, ಹೆಡ್‌ಫೋನು ಹಾಕಿಕೊಂಡಳು.

ದನಿ ಜಾರಿತು.

ಎಂಬತ್ತೊಂದು.

ಕೂತ ಸ್ಟೂಲು ಅಡಿಯಿಂದ ಸರಿದು ಹೋದ ಹಾಗೆ ಅವಳು ಮೇಜನ್ನು ಹಿಡಿದುಕೊಂಡಳು. ಮೂವತ್ತೆಂಟು ವರ್ಷ ಎದೆಯ ಮೇಲೆ ಇಟ್ಟುಕೊಂಡಿದ್ದ ನಾಣ್ಯ! ಅದಕ್ಕೂ ಸುಡುಗಾಡಿಗೂ ಏನು ಸಂಬಂಧ? ಅತ್ತೆಯ ಪೆಟ್ಟಿಗೆಯಿಂದ ಅದು ಸೀದಾ ಮಾನಪ್ಪನ ಕೈಗೆ ಬಂದಿತ್ತು. ಅವನು ಅದಕ್ಕೆ ಕೊರಳಿಗೆ ಪೋಣಿಸಲು ಬರುವಂತೆ...

"ಕೊಂಡಿ," ಅಂದಳು.

"ಏನು?"

"ಬಾಯಾರ, ನನ್ನ ಗಂಡ ಕೊಂಡಿ ಹಚ್ಯಾನ! ಊದುಗೊಳವಿ ತಗೊಂಡು, ಉರಿ ಊದಿ, ನಾಣ್ಯಕ್ಕ ಕೊಂಡಿ ಬೆಸದಾನ. ನನ್ನ ಮುಂದ ಬೆಸದಾನ. ನಾ ಇಕ್ಕಳ ಹಿಡಕೊಂಡು ನಿಂತಿದ್ದೆ!"

ಕೊರಳಿಗೆ ಹಾಕುವ ನಾಣ್ಯವೆಂದರೆ ಕೊಂಡಿ ಇರಲೇಬೇಕು. ಕೊಂಡಿ ಎಂದರೆ ಅಕ್ಕಸಾಲಿಗನ ಉರಿ ತಾಗಲೇಬೇಕು. ಹತ್ತಕ್ಕೆ ಏಳು ನಾಣ್ಯ ಬೆಂಕಿ ಕಂಡದ್ದರಲ್ಲಿ ಏನು ಆಶ್ಚರ್ಯ? ಯಂತ್ರ ಬೆಂಕಿ ಎಂದಿತ್ತು, ಅಷ್ಟೇ. ಯಾವ ಬೆಂಕಿ ಎಂದು ಅದು ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ. ಉಳಿದದ್ದನ್ನು ಗಿರಣಿಯಲ್ಲಿ ಕೂತ ಒಂದು ಬಾಯಿ ತುಂಬಿಸಿತ್ತು.

"ನಾ ಕಲತಾಕಿ," ಶಾಲ್ಮಲಾ ಮೆಲ್ಲಗೆ ಅಂದಳು. "ನನಗರ ಹೊಳಿಬೇಕಾಗಿತ್ತು. ಅಂಕಿ ಬಂತಲ್ಲ ಅಂತ ಕುಣದೆ."

"ಈಗ ಎರಡೂ ಬೆಂಕಿ ಬ್ಯಾರೆ ಮಾಡಾಕ ಬರತೈತೇನು?"

ಇಬ್ಬರೂ ಸೋಮವಾರ, ಮಂಗಳವಾರ ಊಟ ಮರೆತು ಕೆಲಸ ಮಾಡಿದರು. ನಾಣ್ಯವನ್ನು ಸಣ್ಣ ತಿರುಗುಮಣೆಯ ಮೇಲಿಟ್ಟು ಯಂತ್ರದ ಮೊನೆಯನ್ನು ಅಂಚಿಗೆ ಹಿಡಿದರು. ಅಕ್ಕಸಾಲಿಗನ ಉರಿ ಒಂದು ಗಳಿಗೆಯದು, ಒಂದು ಕಡೆಯಿಂದ ಬಂದದ್ದು. ಕೊಂಡಿಯ ಹತ್ತಿರ ಬೆಳ್ಳಿ ಹದವಾಗಿರುತ್ತದೆ, ಎದುರು ಅಂಚಿನಲ್ಲಿ ಇನ್ನೂ ಜಜ್ಜಿದ ಹಾಗೆಯೇ ಇರುತ್ತದೆ. ಮಣೆ ತಿರುಗಿದರೆ ದನಿ ಏರುತ್ತದೆ, ಇಳಿಯುತ್ತದೆ, ಜೋಗುಳದ ಹಾಗೆ. ಚಿತೆಯ ಬೆಂಕಿ ತಾಸುಗಟ್ಟಲೆಯದು. ಅದನ್ನು ಕಂಡ ನಾಣ್ಯ ಎತ್ತ ತಿರುಗಿಸಿದರೂ ಒಂದೇ ಸಮ.

ಬುಧವಾರ ಬೆಳಗ್ಗೆ ಯಂತ್ರವನ್ನು ಟಂಟಂ ಗಾಡಿಗೆ ಹಾಕಿಕೊಂಡು ಗರಡಿಮನೆಗೆ ತಂದರು. ಓಣಿಗೆ ಓಣಿಯೇ ಅಲ್ಲಿ ನೆರೆದಿತ್ತು. ಒಂದು ಕಡೆ ಫಕ್ಕೀರವ್ವ, ಅವಳ ಪಕ್ಕಕ್ಕೆ ನೆಲ ನೋಡುತ್ತ ವಿಠ್ಠಲ. ಎದುರಿಗೆ ಚಾಪೆಯ ತುದಿಯಲ್ಲಿ ಸುಂಕಮ್ಮ ಮತ್ತು ಅವಳ ತಾಯಿ ಯಂಕವ್ವ, ಪಕ್ಕದಲ್ಲಿ ಅದೇ ಟ್ರಂಕು. ತಾಯಿ ಬಡಕಲು ಹೆಂಗಸು, ಬಸ್ಸಿನ ಧೂಳು ಇನ್ನೂ ಸೀರೆಯ ಮೇಲಿತ್ತು. ಹುಡುಗಿ ಅತ್ತು ಅತ್ತು ಕಣ್ಣು ಬಾತಿದ್ದವು.

"ಏನಬೇ ಸಾಂವಕ್ಕಾ," ಓಣಿಯ ಹಿರಿಯ ಯಲ್ಲಪ್ಪಜ್ಜ ಅಂದ, "ಮೊದಲ ಬೆಂಕಿ ಹಚ್ಚಿದಿ, ಈಗ ನೀರಿನ ಬಂಡಿ ತಂದಿಯೇನು?"

"ಹೌದ್ರಿ ಅಜ್ಜಾ. ತಪ್ಪು ನಂದು. ನನಗ ಬಾಯಿಗೆ ಬಂದಂಗ ಬೈರಿ. ಆದರ ಬೈಯೂ ಮುಂಚೆ ಕೇಳ್ರಿ."

ಅವಳು ತನ್ನ ಕೊರಳ ನಾಣ್ಯ, ಕೊಂಡಿ, ಊದುಗೊಳವೆ, ಎಲ್ಲ ಹೇಳಿದಳು. ಶಾಲ್ಮಲಾ ಯಂತ್ರದ ದನಿಯನ್ನು ಎಲ್ಲರಿಗೂ ಕೇಳುವಂತೆ ದೊಡ್ಡದು ಮಾಡಿದಳು. ಮೊದಲು ಯಲ್ಲಪ್ಪಜ್ಜನ ಹೆಂಡತಿಯ ನಾಣ್ಯ. ಮಣೆ ತಿರುಗಿತು, ದನಿ ಏರಿತು, ಇಳಿಯಿತು. ಕೊಂಡಿಯ ಬೆಂಕಿ. ಇನ್ನೊಬ್ಬಳದು. ಏರಿತು, ಇಳಿಯಿತು. ಕೊಂಡಿ. ಮೂವತ್ತೊಂದು ನಾಣ್ಯ ತಿರುಗಿದವು, ಮೂವತ್ತೊಂದೂ ಜೋಗುಳ ಹಾಡಿದವು. ಗರಡಿಮನೆಯಲ್ಲಿ ಮೊದಲು ಪಿಸುಮಾತು, ಆಮೇಲೆ ನಗು. ಗೋಮೂತ್ರದ ಅಜ್ಜಿ ಎದ್ದು ನಿಂತು, "ಅಯ್ಯ ನಿಮ್ಮ ಯಂತ್ರ ಸುಡಲಿ, ನಾಲ್ಕ್ ದಿನ ನಾ ಆಕಳ ಬೆನ್ನ ಹತ್ತಿದ್ನಲ್ಲೋ!" ಅಂದಾಗ ಯಲ್ಲಪ್ಪಜ್ಜನೂ ಮೀಸೆಯೊಳಗೆ ನಕ್ಕ. ಸುಂಕಮ್ಮ ತಲೆಯೆತ್ತಿದಳು. ವಿಠ್ಠಲನೂ ಎತ್ತಿದ. ಇಬ್ಬರ ಕಣ್ಣು ಒಂದು ಸಲ ಕೂಡಿದವು.

"ಇನ್ನ ಉಡಿ ರೂಪಾಯಿ ಇಡ್ರಿ," ಯಲ್ಲಪ್ಪಜ್ಜ ಅಂದ. "ಮುಗಿಸಿ ಮನಿಗೆ ಹೋಗೂಣು."

ಫಕ್ಕೀರವ್ವ ಗಂಟು ಬಿಚ್ಚಿದಳು. ಅರಿಷಿಣ ಮೆತ್ತಿದ ರೂಪಾಯಿಯನ್ನು ಸುಂಕಮ್ಮ ಎದ್ದು ಬಂದು ತೆಗೆದುಕೊಂಡು, ತಾನೇ ಮಣೆಯ ಮೇಲಿಟ್ಟಳು. ಆಗ ಸಾಂವಕ್ಕ ಅದನ್ನು ಮೊದಲ ಸಲ ಕಣ್ಣಿನಿಂದ ನೋಡಿದಳು.

ಅದಕ್ಕೆ ಕೊಂಡಿ ಇರಲಿಲ್ಲ.

ಕೊಂಡಿ ಇದ್ದು ಕಿತ್ತ ಗುರುತೂ ಇರಲಿಲ್ಲ. ತೂತಿರಲಿಲ್ಲ. ಸವೆದ, ನುಣ್ಣನೆಯ, ದುಂಡಗಿನ ರೂಪಾಯಿ. ಕೊರಳಿಗೆ ಹಾಕದ, ಉಡಿಯಲ್ಲಿ ಇಟ್ಟ ನಾಣ್ಯಕ್ಕೆ ಕೊಂಡಿ ಯಾಕಿರುತ್ತದೆ? ಎರಡು ದಿನ ಈ ಹುಡುಗಿಗೆಂದೇ ದುಡಿದವಳಿಗೆ ಅದೊಂದೇ ಹೊಳೆದಿರಲಿಲ್ಲ.

ಮಣೆ ತಿರುಗಿತು. ದನಿ ಎದ್ದಿತು. ಏರಲಿಲ್ಲ, ಇಳಿಯಲಿಲ್ಲ. ಒಂದು ಸುತ್ತು, ಎರಡು ಸುತ್ತು, ಒಂದೇ ಸಮನೆ, ಎಣ್ಣೆ ಸುರಿದ ಹಾಗೆ.

ನಗು ಇನ್ನೂ ಗೋಡೆಗಳಲ್ಲಿತ್ತು. ಜನಕ್ಕೆ ದನಿಯ ಭೇದ ಅಷ್ಟು ಬೇಗ ತಿಳಿಯುವಂಥದ್ದಲ್ಲ. ಶಾಲ್ಮಲಾ ಪರದೆಯನ್ನು ನೋಡಿದಳು, ಸಾಂವಕ್ಕನನ್ನು ನೋಡಿದಳು, ಪರದೆಯನ್ನು ಮೆಲ್ಲಗೆ ಗೋಡೆಯ ಕಡೆಗೆ ತಿರುಗಿಸಿದಳು. ಕೊಂಡಿ ಎಂದು ಒಂದು ಮಾತು ಅಂದರೆ ಮುಗಿಯಿತು. ಹುಡುಗಿ ಸಂಜೆಗೆ ಗಂಡನ ಮನೆಯಲ್ಲಿ ದೀಪ ಹಚ್ಚುತ್ತಾಳೆ.

ಸಾಂವಕ್ಕ ಬಾಯಿ ತೆರೆದಳು. ಆದರೆ ನಾಣ್ಯಕ್ಕೆ ಕೊಂಡಿ ಇಲ್ಲದ್ದು ಕಣ್ಣಿಗೆ ಕಾಣುತ್ತಿತ್ತು. ಇವತ್ತಲ್ಲ ನಾಳೆ ಯಾರಾದರೂ ನೋಡುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಬಿರುಕಿದ್ದ ತಟ್ಟೆಯನ್ನು ಒಮ್ಮೆಯೂ ಸರಿ ಇದೆ ಎಂದು ಹೇಳಿದ ಕಿವಿಯಲ್ಲ ಅದು.

"ಇದು ಕೊಂಡಿ ಬೆಂಕಿ ಅಲ್ಲ," ಅಂದಳು. ತನ್ನ ದನಿಯೇ ತನಗೆ ಬೇರೆಯವರದೆನಿಸಿತು. "ಇದು ಪೂರಾ ಬೆಂಕಿಯಾಗ ಇದ್ದು ಬಂದೈತಿ."

ಗರಡಿಮನೆ ಒಮ್ಮೆಗೇ ಬತ್ತಿತು. ಫಕ್ಕೀರವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. ವಿಠ್ಠಲ "ಅವ್ವಾ" ಎಂದು ಅವಳ ತೋಳು ಹಿಡಿದ. ಹಿಂದಿನಿಂದ ಯಾರೋ, "ಹೆಣದ್ದು! ಹೆಣದ ಬಾಯಾಗಿಂದು!" ಅಂದರು. ಚಾಪೆಯ ಮೇಲಿದ್ದವರು ಸುಂಕಮ್ಮನಿಂದ ದೂರ ಸರಿದರು. ನಿಂತಲ್ಲೇ ನಿಂತಿದ್ದ ಹುಡುಗಿ ಎಲ್ಲರ ಮುಖ ನೋಡಿ, ಕೊನೆಗೆ ತಾಯಿಯ ಮುಖ ನೋಡಿದಳು.

"ಯವ್ವಾ, ಸುಳ್ಳಂತ ಹೇಳ."

ಯಂಕವ್ವ ಎದ್ದಳು. ಸೆರಗನ್ನು ಸೊಂಟಕ್ಕೆ ಬಿಗಿದಳು.

"ಸುಳ್ಳಲ್ಲ," ಅಂದಳು. "ಆ ಯಕ್ಕ ಖರೇ ಹೇಳ್ಯಾಳ. ಅದು ಹೆಣದ ಬಾಯಾಗಿಂದ."

ಗದ್ದಲ ಏಳುವುದರೊಳಗೆ ಅವಳು ಕೈ ಎತ್ತಿದಳು.

"ಪೂರಾ ಕೇಳ್ರಿ. ನಮ್ಮ ಕಡಿ ಮಗಳಿಗೆ ಉಡಿ ರೂಪಾಯಿ ಅಪ್ಪನ ಇಡಬೇಕು. ಅವ್ವ ಇಡಾಕ ಬರೂದಿಲ್ಲ, ಕಾಕಾ ಇಡಾಕ ಬರೂದಿಲ್ಲ. ಇಕಿ ಅಪ್ಪ ಹುಲಗಪ್ಪ ಕಾಲುವಿ ತೂಬು ಕಾಯತಿದ್ದ. ಮದುವಿ ಮಾತು ಆಗಿತ್ತು, ಅಕ್ಕಿಕಾಳು ಬಿದ್ದಿರಲಿಲ್ಲ. ತೂಬಿನಾಗ ಕಾಲು ಜಾರಿ ಹೋದ. ಮನ್ಯಾಗ ಇದ್ದದ್ದು ಒಂದ ಬೆಳ್ಳಿ ರೂಪಾಯಿ. ಅಂವ ಮಗಳ ಉಡಿಗಂತ ತಗದು ಇಟ್ಟಿದ್ದು. ಅದನ್ನ ಅವನ ಬಾಯಾಗ ಇಟ್ಟು ಕಳಿಸಿದ್ವಿ. ಮೂರನೇ ದಿನ ಬೂದಿ ಕೆದರಿದಾಗ ಅದು ಹಂಗ ಸಿಕ್ತು, ಕರಗಿರಲಿಲ್ಲ. ಎಲ್ಲಾರೂ ಹೊಳಿಗೆ ಬಿಡು ಅಂದ್ರು. ನಾ ಬಿಡಲಿಲ್ಲ. ಅಪ್ಪನ ಕಡಿಂದ ಅಪ್ಪನ ರೂಪಾಯಿ ಬಂದೈತಿ, ಮಗಳ ಉಡಿಗೆ ಬ್ಯಾರೆ ಯಾವುದು ಇಡಲಿ ನಾ?"

ಮಣೆ ಇನ್ನೂ ತಿರುಗುತ್ತಿತ್ತು, ದನಿ ಒಂದೇ ಸಮನೆ ಬರುತ್ತಿತ್ತು. ಸುಂಕಮ್ಮನಿಗೂ ಇದು ಗೊತ್ತಿರಲಿಲ್ಲ. ಕೈ ಚಾಚಿ ಮಣೆಯನ್ನು ನಿಲ್ಲಿಸಿದಳು. ನಾಣ್ಯವನ್ನು ತೆಗೆದುಕೊಂಡಳು. ಬಿಸಿ ಇದೆಯೇನೋ ಎಂಬಂತೆ ಒಂದು ಅಂಗೈಯಿಂದ ಇನ್ನೊಂದಕ್ಕೆ ಹಾಕಿದಳು.

"ಅಪ್ಪಾ?" ಅಂದಳು, ಬಾಗಿಲಲ್ಲಿ ಯಾರೋ ಬಂದರೇನೋ ಎನ್ನುವ ದನಿಯಲ್ಲಿ.

ಸಾಂವಕ್ಕ ಹೆಡ್‌ಫೋನನ್ನು ಮಡಿಲಲ್ಲಿ ಹಿಡಿದುಕೊಂಡು ಕೂತಿದ್ದಳು. ಹದಿನೈದು ದಿನ ಅವಳು ಸಾವಿರ ಸಲ ಕಂಡೈತಿ, ಕಂಡೈತಿ ಎಂದಿದ್ದಳು. ಕಂಡದ್ದು ಏನನ್ನು, ಯಾರನ್ನು ಎಂದು ಒಮ್ಮೆಯೂ ಅವಳ ಮನಸ್ಸಿಗೆ ಬಂದಿರಲಿಲ್ಲ. ಯಲ್ಲಪ್ಪಜ್ಜ ಸೋಡಚೀಟಿಗೆಂದು ತಂದ ಕಾಗದವನ್ನು ಮಡಿಚಿದ, ಬಿಚ್ಚಿದ, ಮತ್ತೆ ಮಡಿಚಿದ. ಕೊನೆಗೆ ಫಕ್ಕೀರವ್ವನ ಕಡೆಗೆ ನೋಡಿ, "ನೀ ಹೇಳವ್ವ," ಅಂದ.

ಫಕ್ಕೀರವ್ವ ಕೂತಲ್ಲಿಂದಲೇ ಯಂಕವ್ವನನ್ನು ನೋಡಿದಳು. ಇಬ್ಬರ ಹಣೆಯೂ ಬರಿದಾಗಿತ್ತು.

"ನನಗ ಮೊದಲ ಹೇಳಬೇಕಾಗಿತ್ತು," ಅಂದಳು.

"ಹೇಳಿದ್ದರ ನನ್ನ ಮಗಳನ್ನ ಮನಿ ತುಂಬಿಸಿಕೋತಿದ್ದಿಯೇನವ್ವ?"

ಫಕ್ಕೀರವ್ವ ಯೋಚಿಸಿದಳು. "ಇಲ್ಲ," ಅಂದಳು. "ಬಾಗಲದಾಗಿಂದ ಹೊಳ್ಳಿ ಕಳಸತಿದ್ದೆ."

"ಅದಕ್ಕ ಹೇಳಲಿಲ್ಲ."

ತಿಂಗಳ ಹಿಂದೆ ಮಾರುತೆಪ್ಪನ ಬೂದಿಯನ್ನು ಹಿರಿಯರು ಹೇಳಿದ ಹಾಗೆ, ಗಡಿಬಿಡಿಯಲ್ಲಿ, ಬಾಯಲ್ಲಿಟ್ಟ ರೂಪಾಯಿಗಾಗಿ ಒಂದು ಮುಷ್ಟಿಯೂ ಕೆದರಿ ನೋಡದೆ ನೀರಿಗೆ ಬಿಟ್ಟು ಬಂದಿದ್ದರು. ಫಕ್ಕೀರವ್ವ ಅದನ್ನು ಯಾರಿಗೂ ಹೇಳಲಿಲ್ಲ. ಎದ್ದಳು. ಸೊಸೆಯ ಮುಂದೆ ಬಂದು ನಿಂತಳು. ನಾಣ್ಯವನ್ನು ಮುಟ್ಟಲು ಹೋದ ಕೈ ಅರ್ಧಕ್ಕೆ ನಿಂತಿತು. ಮುಟ್ಟಲಿಲ್ಲ. ಆದರೆ ಅದನ್ನೇ ನೋಡಿದಳು, ಅಂಚಿನಿಂದ ಅಂಚಿನವರೆಗೆ, ಮುಖ ನೋಡುವ ಹಾಗೆ.

"ಈ ಅರಿಷಿಣ ಯಾರು ಹಚ್ಯಾರ?"

"ನಾನ ಅತ್ತಿ," ಸುಂಕಮ್ಮ ತೊದಲಿದಳು. "ಶುಕ್ರವಾರಕ್ಕೊಮ್ಮೆ. ಲಕ್ಷ್ಮಿ ಅಂತ..."

"ಬೀಗರಿಗೆ ಯಾರರ ಅರಿಷಿಣ ಹಚ್ಚತಾರೇನ, ಹುಚ್ಚವ್ವ? ತೊಳಿ ಅದನ್ನ. ಗಂಧ ಹಚ್ಚು."

ಬೀಗರು ಎಂದದ್ದು ಯಾರನ್ನು ಎಂದು ಸುಂಕಮ್ಮನಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ಅಷ್ಟರಲ್ಲಿ ಫಕ್ಕೀರವ್ವ ಬಾಗಿಲ ಹತ್ತಿರ ಹೋಗಿ, ಚಪ್ಪಲಿಯನ್ನು ಕಾಲಿನಿಂದ ತಡಕುತ್ತ, ಹಿಂತಿರುಗಿ ನೋಡದೆ ಮಗನಿಗೆ ಅಂದಳು:

"ಟ್ರಂಕು ಹೊತ್ತಕೊ ವಿಠ್ಠಲ. ಯಂಕವ್ವಾ, ನೀನೂ ನಡಿ. ಬಿಸಿಲು ಏರೂದರಾಗ ಬೀಗರನ್ನ ಮನಿ ಮುಟ್ಟಸೂಣು."